ಮೇಲಿನ ಮೆಟ್ಟಿಲಿನಿಂದ ತೆಗೆದ ಫೋಟೋ

ಮೆಲಿಸೊಹೋರಿ, ಲಾರಿಸಾ
ಸೆಪ್ಟೆಂಬರ್ ೧೫, ೨೦೧೯, ಭಾನುವಾರ

ಪ್ರೀತಿಯ ತಮ್ಮ ಸ್ತಮಾತಿ,

ನಿನ್ನ ಬೆನ್ನು ನೋವು ನಿಜವಾಗಿ ಹೇಗಿದೆ? ಬೆಳಿಗ್ಗೆ ಫೋನಿನಲ್ಲಿ ಪರವಾಗಿಲ್ಲ ಎಂದೆ. ಅಮ್ಮ ಕೇಳಿದರೆ ನೀನು ಯಾವತ್ತೂ ಪರವಾಗಿಲ್ಲ ಎಂದೇ ಹೇಳುವವನು, ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ದೋಣಿಯ ಕೆಲಸ ಸಾಕು, ಕೂತು ಮಾಡುವ ಕೆಲಸ ಹುಡುಕು ಎಂದು ಜೋನ್ ಹೇಳುತ್ತಿದ್ದರೆ ಅವಳ ಮಾತು ಕೇಳು. ಅವಳಿಗೂ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳು. ನಾವು ಇಲ್ಲಿ ಇದ್ದೇವೆ. ನನ್ನ ಮೊಣಕಾಲು ಎಂದಿನ ಹಾಗೆ. ಅಮ್ಮನಿಗೆ ಎಂಬತ್ತನಾಲ್ಕು ತುಂಬಿತು. ಹಲ್ಲು ಹೋಗುತ್ತಿವೆ, ನಾಲಿಗೆ ಗಟ್ಟಿಯಾಗಿದೆ. ನಿನ್ನೆ ಶಿಲುಬೆಯ ಹಬ್ಬಕ್ಕೆ ಚರ್ಚಿನಲ್ಲಿ ಕೊಟ್ಟ ಕಾಮಕಸ್ತೂರಿಯ ಕಡ್ಡಿಯನ್ನು ಈ ಲಕೋಟೆಯಲ್ಲಿ ಇಡಲೇಬೇಕೆಂದು ಹಟ ಹಿಡಿದಳು. ನಿಮ್ಮ ಕಡೆ ಸುಂಕದವರು ಒಣ ಎಲೆಯನ್ನೂ ಒಳಗೆ ಬಿಡುವುದಿಲ್ಲವಂತೆ ಎಂದೆ. "ದೇವರ ಎಲೆಗೆ ಎಂಥ ಸುಂಕ? ಆ ಸುಂಕದವನ ತಾಯಿ ಅವನಿಗೆ ಚರ್ಚಿನ ಬಾಗ್ಲು ತೋರಿಸಿಲ್ವಾ?" ಎಂದು ನನ್ನ ಮೇಲೇ ಸಿಟ್ಟಾದಳು. ಕೊನೆಗೆ ಎಲೆಗಳನ್ನು ಈ ಕಾಗದದ ಮೇಲೆ ಉಜ್ಜಿ ಸಮಾಧಾನ ಮಾಡಿಕೊಂಡಳು. ಮೇಲೆ ಮೂಲೆಯಲ್ಲಿ ಕಾಣುವ ಹಸಿರು ಕಲೆ ಅದೇ. ವೆಲಿಂಗ್ಟನ್ ತಲುಪುವ ತನಕ ವಾಸನೆ ಉಳಿದಿದ್ದರೆ ಮೂಸಿ ನೋಡು.

ಜೊತೆಯಲ್ಲಿ ಫೋಟೋಗಳಿವೆ. ಆಗಸ್ಟ್ ಕೊನೆಯಲ್ಲಿ ನಾನೂ ಅಮ್ಮನೂ ಕೊರಿಂಥ್, ಮೈಸೀನಿ, ನಾಫ್ಲಿಯೋ, ಎಪಿದಾವ್ರೋಸ್ ಸುತ್ತಿ ಬಂದೆವು. ಫೋನಿನಲ್ಲೇ ಕಳಿಸಬಹುದಿತ್ತು. "ಬೆರಳು ತಾಗಿದ್ರೆ ಜಾರಿಹೋಗೋದು ಫೋಟೋ ಏನೇ? ಕೈಯಲ್ಲಿ ಹಿಡ್ಕೊಳ್ಳೋ ಹಾಗಿರ್ಬೇಕು" ಎಂದು ಅಮ್ಮ ಲಾರಿಸಾದ ಸ್ಟುಡಿಯೋಗೆ ನನ್ನನ್ನು ಅಟ್ಟಿದಳು. ಒಂದೊಂದು ಹೊಸ ಫೋಟೋದ ಬೆನ್ನಿಗೆ ಒಂದೊಂದು ಹಳೆಯದನ್ನು ಸೇರಿಸಿ ದಾರ ಕಟ್ಟಿದ್ದೇನೆ. ಹಳೆಯವು ಎಂಬತ್ತೆರಡರ ಬೇಸಿಗೆಯಲ್ಲಿ ನಾವು ನಾಲ್ವರೂ ಹೋದಾಗ ನೀನು ತೆಗೆದವು. ಬಿಚ್ಚುವಾಗ ಜೋಡಿ ತಪ್ಪಿಸಬೇಡ. ಅದೇ ಜಾಗ, ಅದೇ ನಿಲುವು ಇರಬೇಕೆಂದು ಅಮ್ಮನ ಅಪ್ಪಣೆಯಾಗಿತ್ತು. ನಾನು ಹಳೆಯ ಫೋಟೋ ಕೈಯಲ್ಲಿ ಹಿಡಿದು, ಇನ್ನೊಂದು ಹೆಜ್ಜೆ ಎಡಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಎಂದು ಕೂಗುತ್ತಿದ್ದೆ, ಅವಳು ಕೋಲೂರಿಕೊಂಡು ಸರಿಯುತ್ತಿದ್ದಳು. ನೋಡುವವರಿಗೆ ನಗು ಬರುವಂತಿತ್ತು.

ಈ ವಯಸ್ಸಿನಲ್ಲಿ ಅಮ್ಮನನ್ನು ಅಷ್ಟು ದೂರ ಯಾಕೆ ಕರೆದುಕೊಂಡು ಹೋದೆ ಎಂದು ನೀನು ಕೇಳಿದೆ. ಗಾಳಿ ಬದಲಾಗಲಿ ಎಂದು ಹೇಳಿದೆ. ಅದಲ್ಲ, ತಮ್ಮ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಬರೆಯುವುದು ಸ್ವಲ್ಪ ಸುಲಭ. ದಿನಾ ಮಲಗುವ ಮುಂಚೆ ನಾಲ್ಕು ಸಾಲು ಬರೆದುಕೊಳ್ಳುವ ಅಭ್ಯಾಸ ನನಗೆ ಇದ್ದೇ ಇದೆ.

ಅಪ್ಪ ಹೋಗಿ ಮೇ ತಿಂಗಳಿಗೆ ಮೂರು ವರ್ಷವಾಯಿತು. ಮೂರು ವರ್ಷಕ್ಕೆ ಮೂಳೆ ತೆಗೆದು ಪೆಟ್ಟಿಗೆಯಲ್ಲಿಡುವ ನಮ್ಮೂರ ಪದ್ಧತಿ ನಿನಗೆ ಮರೆತಿರಲಿಕ್ಕಿಲ್ಲ. ಗೋರಿ ತೆರೆಸಿದೆವು. ಮೂಳೆ ತೊಳೆಯಲು ಅಮ್ಮ ಕೆಂಪು ವೈನು ತಂದಿದ್ದಳು, ಒರೆಸಲು ತನ್ನ ಮದುವೆಯ ಕಾಲದ ಬಿಳಿ ಬಟ್ಟೆ ತಂದಿದ್ದಳು. ಅಪೋಸ್ತೊಲಿಸ್ ಎಂದು ಅಪ್ಪನ ಹೆಸರು ಬರೆಸಿದ ಪೆಟ್ಟಿಗೆ ಸಿದ್ಧವಾಗಿತ್ತು. ಹಿಂದಿನ ದಿನವೇ ಮೂಳೆಮನೆಗೆ ಹೋಗಿ, ನಮ್ಮ ಅಣ್ಣ ಅರ್ಗೀರಿಸನ ಪುಟ್ಟ ಪೆಟ್ಟಿಗೆಯ ಪಕ್ಕದ ಜಾಗವನ್ನು ಒರೆಸಿಟ್ಟು ಬಂದಿದ್ದಳು. ಏಳು ವರ್ಷದ ಮಗನ ಪಕ್ಕ ಅಪ್ಪ ಕೂರುತ್ತಾನೆ ಎಂಬ ಒಂದು ನೆಮ್ಮದಿ ಅವಳಿಗೆ. ಅಗೆಯುವವನು ಹಲಗೆ ಎತ್ತಿ ನೋಡಿದ. ಟೋಪಿ ತೆಗೆದ. ಅಪ್ಪ ಕರಗಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ. ಅಮ್ಮ ನೋಡಬಾರದೆಂದು ನಾನು ಅಡ್ಡ ನಿಂತೆ, ಅವಳು ನನ್ನ ತೋಳಿನ ಸಂದಿಯಿಂದ ನೋಡಿದಳು.

ಪಾದ್ರಿ ಗ್ರಿಗೋರಿಸ್ ಒಳ್ಳೆಯ ಮನುಷ್ಯ. "ಜೇಡಿ ಮಣ್ಣು ಕಣಮ್ಮ, ಚಳಿಗಾಲದಲ್ಲಿ ನೀರು ನಿಲ್ಲುತ್ತೆ. ಕೊನೇಲಿ ನುಂಗಿದ ಮಾತ್ರೆಗಳು ಬೇರೆ. ಇನ್ನೆರಡು ವರ್ಷ ಬಿಡೋಣ" ಎಂದರು. ನಾನು ಅದನ್ನೇ ನಂಬುತ್ತೇನೆ. ಆದರೆ ಕಲಿಯೋಪಿ ಅತ್ತೆಯೂ ಅಲ್ಲಿದ್ದಳು. ಒಡಹುಟ್ಟಿದವನಿಗಾಗಿ ಎದೆ ಬಡಿದುಕೊಂಡು ಅತ್ತವಳು, ಕಣ್ಣೊರೆಸಿಕೊಂಡು ಹೇಳಿದಳು: "ಮಣ್ಣು ಸುಮ್ಸುಮ್ನೆ ಬೇಡ ಅನ್ನಲ್ಲ. ಯಾರ್ದೋ ಹೊಟ್ಟೇಲಿ ಇವನ ಮೇಲೆ ನೋವಿದೆ. ಬದುಕಿರೋರು ಗಂಟು ಬಿಡದೆ ಸತ್ತೋನು ಕರಗಲ್ಲ." ಯಾರ ಹೊಟ್ಟೆಯಲ್ಲಿ ಎಂದು ಯಾರೂ ಕೇಳಲಿಲ್ಲ. ಮತ್ತೆ ಮುಚ್ಚುವಾಗ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ "ದೇವರು ಅವನನ್ನ ಕ್ಷಮಿಸಲಿ" ಎಂದರು. ಖಾಲಿ ಪೆಟ್ಟಿಗೆಯನ್ನು ನಾನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಈಗ ಅದು ಅಮ್ಮನ ಮಂಚದ ಕೆಳಗಿದೆ.

ಅಮ್ಮ ಅಳಲಿಲ್ಲ. ಸಂಜೆ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಳು. "ಇರೋದು ಒಂದೇ ಗುಂಡಿ. ಅವನೆದ್ರೆ ತಾನೇ ನಾನು ಮಲಗೋದು? ಬದುಕಿದ್ದಾಗ್ಲೂ ಮಂಚದ ತುಂಬ ಅವನೇ, ಈಗ್ಲೂ ಹಾಗೇ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಇನ್ನೊಂದು ಹಿಡಿ ಕಾಯಿ ಬಿಡಿಸಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದಳು: "ಆ ಸಲ ಹೋಗುವಾಗ ಹುಡುಗ ಕಾರಿನಲ್ಲಿ ಹಾಡ್ತಾ ಹೋದ. ಬರುವಾಗ ಬಾಯಿ ಬಿಡಲಿಲ್ಲ. ಗಂಟು ಬಿದ್ದಿದ್ದು ಆ ದಾರೀಲೇ. ಎಲ್ಲಿ ಬಿತ್ತು ಅಂತ ನಾನು ನೋಡ್ಬೇಕು. ಕರ್ಕೊಂಡು ಹೋಗ್ತೀಯಾ?"

ಅಷ್ಟೇ, ತಮ್ಮ. ನೀನು ಆ ಕ್ರಿಸ್‌ಮಸ್ ಕಳೆದ ಕೂಡಲೇ ಪಿರೇಯಸ್‌ಗೆ ಹೋಗಿ ಹಡಗು ಹತ್ತಿದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಅಪ್ಪ ಹತ್ತಿ ಗಿರಣಿಯಲ್ಲಿ ನಿನಗೆ ಕೆಲಸ ಹೇಳಿಟ್ಟಿದ್ದು, ನೀನು ಅಥೆನ್ಸಿನ ಸ್ಟುಡಿಯೋದಲ್ಲಿ ಫೋಟೋ ಕೆಲಸ ಕಲಿಯುತ್ತೇನೆ ಎಂದದ್ದು, ನಾಫ್ಲಿಯೋದಲ್ಲಿ ಊಟದ ಮೇಜಿನ ಮೇಲೆ ಇಬ್ಬರೂ ಮುಖ ಬಿಗಿದುಕೊಂಡದ್ದು, ಅದೇ ಕಾರಣವೆಂದು ನಾವು ಇಷ್ಟು ವರ್ಷವೂ ಅಂದುಕೊಂಡಿದ್ದೆವು. ಆದರೆ ಅಂಥ ಜಗಳ ಯಾವ ಮನೆಯಲ್ಲಿ ಇಲ್ಲ? ಅದಕ್ಕಾಗಿ ಯಾರೂ ಇಷ್ಟು ವರ್ಷ ತಂದೆಯ ದನಿ ಕೇಳದೆ ಇರುವುದಿಲ್ಲ. ಅಮ್ಮನಿಗೆ ಅದು ಒಳಗೊಳಗೇ ಗೊತ್ತಿತ್ತು.

ಮೊದಲ ಜೋಡಿ ಕೊರಿಂಥ್ ಕಾಲುವೆಯದು. ಹಳೆಯದರಲ್ಲಿ ಸೇತುವೆಯ ಕಂಬಿಗೆ ಒರಗಿ ಅಪ್ಪ ನಿಂತಿದ್ದಾನೆ, ಪಕ್ಕದಲ್ಲಿ ನೀಲಿ ಅಂಗಿಯ ಹುಡುಗನೊಬ್ಬ, ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ಅದು ನೀನು. ಆ ಪ್ರವಾಸದ ಅಷ್ಟೂ ಚಿತ್ರಗಳಲ್ಲಿ ನೀನಿರುವುದು ಅದೊಂದರಲ್ಲೇ. ಉಳಿದದ್ದನ್ನೆಲ್ಲ ನೀನೇ ತೆಗೆದೆ. ಇದೊಂದನ್ನು ಅಮ್ಮ ತೆಗೆದಳು, ಕಾಲುವೆ ತಳದ ತನಕ ಬರಬೇಕೆಂದು ಕ್ಯಾಮೆರಾ ಬಗ್ಗಿಸಿ ನಿನ್ನ ತಲೆ ಕತ್ತರಿಸಿದಳು. ಈ ಫೋಟೋ ಎಷ್ಟೋ ವರ್ಷ ಅವಳ ಪ್ರಾರ್ಥನೆಯ ಮೂಲೆಯಲ್ಲಿ ಸಂತರ ಪಟಗಳ ನಡುವೆ ಇತ್ತು. ಕಾಲುವೆಯ ಗೋಡೆಗಳು ಹಾಗೇ ಇವೆ, ಕೆಳಗೆ ನೀರು ಅದೇ ಹಸಿರು ನೀಲಿ, ಹಡಗೊಂದು ಗೋಡೆಗೆ ಮೈ ತಾಗದಂತೆ ಉಸಿರು ಹಿಡಿದು ಹೋಗುತ್ತಿತ್ತು. ಅಮ್ಮ ನೀನು ನಿಂತಿದ್ದ ಕಡೆ ಕಂಬಿಯನ್ನು ಸವರಿ, ಬೆರಳಿಗೆ ಹತ್ತಿದ ಧೂಳನ್ನು ತನ್ನ ಕರವಸ್ತ್ರಕ್ಕೆ ಒರೆಸಿಕೊಂಡಳು. ಮೈಸೀನಿಯಲ್ಲಿ ಸಿಂಹದ ಬಾಗಿಲ ಮುಂದೆ ತುಂಬ ಹೊತ್ತು ತಲೆಯೆತ್ತಿ ನೋಡಿದಳು. ಆ ಎರಡು ಸಿಂಹಗಳಿಗೆ ತಲೆಯಿಲ್ಲವಲ್ಲ. "ಇವನ್ನೂ ನಾನೇ ಫೋಟೋ ತೆಗೆದಿರ್ಬೇಕು" ಎಂದಳು. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ನಕ್ಕೆವು. ಮೇ ತಿಂಗಳಿನ ನಂತರ ಅವಳು ನಕ್ಕದ್ದು ಅದೇ ಮೊದಲು.

ನಾಫ್ಲಿಯೋದಲ್ಲಿ ನೀರಿನ ನಡುವಿನ ಪುಟ್ಟ ಕೋಟೆ ಬೆನ್ನಿಗೆ ಬರುವಂತೆ ನಿಂತಿದ್ದಾಳೆ ನೋಡು. ಹಳೆಯದರಲ್ಲಿ ಅದೇ ಕಟ್ಟೆಯ ಮೇಲೆ ಅಪ್ಪ ಚಪ್ಪಲಿ ಬಿಚ್ಚಿ ಕೂತಿದ್ದಾನೆ. ಅವತ್ತು ಗುಡ್ಡದ ಮೇಲಿನ ದೊಡ್ಡ ಕೋಟೆಗೆ ಹೋಗೋಣ ಎಂದು ನೀನು ಗೋಗರೆದೆ. "ದುಡ್ಡು ಕೊಟ್ಟು ಮೆಟ್ಲು ಹತ್ತೋ ಹುಚ್ಚರು ಯಾವೂರಲ್ಲಿದ್ದಾರೋ?" ಎಂದು ಅಪ್ಪ ಕಾಲು ಒತ್ತಿಕೊಂಡ. ನೀನು ಹಿಂದೆ ನಿಂತು ಅದೇ ಮಾತನ್ನು ಅದೇ ದನಿಯಲ್ಲಿ ಅಣಕಿಸಿದೆ. ಅಪ್ಪನಿಗೆ ಕೇಳಲಿಲ್ಲ. ಗಿರಣಿಯ ಯಂತ್ರಗಳ ನಡುವೆ ಅಷ್ಟು ವರ್ಷ ದುಡಿದು ಅವನ ಕಿವಿ ಆಗಲೇ ಅರ್ಧ ಹೋಗಿತ್ತು. ನಮಗೆ ಅದೊಂದು ತಮಾಷೆಯಾಗಿತ್ತು. ಅವನು ಗುಟ್ಟು ಹೇಳಿದರೆ ಬೀದಿಗೆಲ್ಲ ಕೇಳುತ್ತಿತ್ತು, ನೆನಪಿದೆಯಾ? ತನ್ನ ಕಿವಿಗೆ ಕೇಳದಿದ್ದದ್ದು ಲೋಕಕ್ಕೂ ಕೇಳುವುದಿಲ್ಲ ಎಂದೇ ಅವನ ಲೆಕ್ಕ.

ಎಪಿದಾವ್ರೋಸಿಗೆ ಬೆಳಿಗ್ಗೆ ಬೇಗ ಹೋದೆವು. ಬಯಲು ರಂಗದಲ್ಲಿ ಆಗ ಒಂದೇ ಒಂದು ಪ್ರವಾಸಿಗಳ ಗುಂಪಿತ್ತು. ಅವರ ಗೈಡು ನಡುಗಲ್ಲಿನ ಮೇಲೆ ನಿಂತು ಕಾಗದ ಹರಿದ, ನಾಣ್ಯ ಬೀಳಿಸಿದ, ಮೇಲೆ ಕೂತವರು ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ಎಲ್ಲ ಶಾಂತವಾಯಿತು. ಪೈನ್ ಮರಗಳಲ್ಲಿ ಜೀರುಂಡೆಗಳು ಇನ್ನೂ ಶುರು ಮಾಡಿರಲಿಲ್ಲ. ನೀನು ತೆಗೆದ ಹಳೆಯ ಚಿತ್ರ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದ ತೆಗೆದದ್ದು. ಹಾಗಾಗಿ ನಾನು ಹತ್ತಲೇಬೇಕಾಯಿತು. ಅರ್ಧದಲ್ಲಿ ಎರಡು ಸಲ ಕೂತೆ. ಮೇಲೆ ಮುಟ್ಟಿ ತಿರುಗಿ ನೋಡಿದರೆ ಗುಡ್ಡಗಳು, ಆಲಿವ್ ತೋಪು, ಅದರಾಚೆ ಮಂಜಿನಂಥ ಬಿಸಿಲು, ಕೆಳಗೆ ಆ ದುಂಡು ನೆಲದ ಮೇಲೆ ಕಪ್ಪು ಆಲಿವ್ ಕಾಯಿಯಷ್ಟು ನಮ್ಮಮ್ಮ. ನಡುಗಲ್ಲಿನ ಮೇಲೆ ಅವಳು ನಿಲ್ಲಲಿಲ್ಲ. ಹಳೆಯ ಚಿತ್ರದಲ್ಲಿ ಅಲ್ಲಿ ಅಪ್ಪ ನಿಂತಿದ್ದ, ಅವಳು ಪಕ್ಕದಲ್ಲಿದ್ದಳು. ಈಗಲೂ ಪಕ್ಕದಲ್ಲೇ ನಿಂತು ಕಲ್ಲನ್ನು ಖಾಲಿ ಬಿಟ್ಟಿದ್ದಳು. ನಾನು ಫೋನು ಎತ್ತಿ ಹಿಡಿಯುವಷ್ಟರಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಯಾರೋ ಮಾತಾಡಿದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇಲ್ಲ. ಅದು ಅಮ್ಮನ ದನಿ.

"ಬಂದಿದೀನಿ ನೋಡು ಅಪೋಸ್ತೊಲಿ. ಕಾಲು ಕಿತ್ತು ಬರ್ತಿದೆ. ಹುಡುಗಿಗೂ ಮೊಣಕಾಲು ನೋವು, ಬಾಯಿಬಿಟ್ಟು ಹೇಳಲ್ಲ ಅವಳು, ಎಲ್ಲ ನಿನ್ನ ಥರಾನೇ. ನನ್ನ ಮಗನಿಗೆ ಏನು ಮಾಡ್ದೆ ನೀನು? ನಾನು ಹೋಗೋದ್ರೊಳಗೆ ಹೇಳು."

ಅವಳು ಕೂಗಿರಲಿಲ್ಲ, ತಮ್ಮ. ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಾಳಲ್ಲ, ಅಷ್ಟೇ ದನಿ. ಒಂದೊಂದು ಅಕ್ಷರವೂ, ನಡುವೆ ಎಳೆದ ಉಸಿರೂ ಕೇಳಿಸಿತು. ಕೆಳಗಿನ ಪಿಸುಮಾತು ಮೇಲಿನ ಮೆಟ್ಟಿಲಿನ ತನಕ ಕೇಳುವ ಈ ಜಾಗದ ಗುಣವನ್ನು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಓದಿದ್ದೇ ಬೇರೆ, ನಮ್ಮಮ್ಮನ ದನಿ ಹಾಗೆ ಬಂದು ಕಿವಿಯಲ್ಲಿ ಕೂತದ್ದೇ ಬೇರೆ. ಕೈಯಲ್ಲಿದ್ದ ಹಳೆಯ ಫೋಟೋ ನೋಡಿದೆ. ಎಷ್ಟು ಸಲ ನೋಡಿದ್ದೆ ಅದನ್ನು. ಅಪ್ಪ ಕಲ್ಲಿನ ಮೇಲೆ ನಿಂತು ಒಂದು ಕೈ ಎತ್ತಿದ್ದಾನೆ, ನಮ್ಮತ್ತ ಕೈ ಬೀಸುತ್ತಿದ್ದಾನೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಆದರೆ ಮುಖ ಅಮ್ಮನ ಕಡೆಗಿದೆ. ಅಮ್ಮ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಅವನು ಕೈ ಬೀಸುತ್ತಿಲ್ಲ, ಮಾತಾಡುತ್ತಿದ್ದಾನೆ. ಮೇಲೆ, ನಾನು ನಿಂತಿದ್ದ ಕಲ್ಲಿನ ಮೇಲೆ, ಕ್ಯಾಮೆರಾ ಹಿಡಿದು ನೀನೊಬ್ಬನೇ ಇದ್ದೆ. ನಾನು ನಿಂಬೆ ಪಾನಕ ತರಲು ಹೊರಗೆ ಹೋಗಿದ್ದೆ. ತಂದಾಗ ನೀನು ಇಳಿದು ಬಂದಿದ್ದೆ. ಪಾನಕ ಬೇಡವೆಂದೆ. ಕ್ಯಾಮೆರಾ ನನ್ನ ಕೈಗೆ ಕೊಟ್ಟು "ರೀಲು ಮುಗೀತು ಅಕ್ಕ" ಎಂದೆ. ಆಮೇಲೆ ಅದನ್ನು ತೊಳೆಯಲು ಕೊಟ್ಟಾಗ ಅರ್ಧಕ್ಕರ್ಧ ಖಾಲಿ ಬಂತು. ಸ್ಟುಡಿಯೋದವನು ಕೆಟ್ಟ ರೀಲು ಇರಬೇಕು ಎಂದ. ನಾನೂ ಹಾಗೇ ಅಂದುಕೊಂಡೆ.

ಹೇಗೆ ಇಳಿದೆನೋ ಗೊತ್ತಿಲ್ಲ. "ಅಮ್ಮ, ನೀನು ಅಪ್ಪನ ಹತ್ತಿರ ಮಾತಾಡಿದ್ದು ನನಗೆ ಮೇಲೆ ಕೇಳಿಸಿತು" ಎಂದೆ. "ಏನು ಕೇಳಿಸಿತು?" ಎಂದಳು. ಅವಳ ಮಾತನ್ನೇ ಅವಳಿಗೆ ಹೇಳಿದೆ, ನನ್ನ ಮೊಣಕಾಲಿನ ತನಕ. ಅವಳು ಒಮ್ಮೆ ಮೇಲಿನ ಮೆಟ್ಟಿಲು ನೋಡಿದಳು, ಒಮ್ಮೆ ನಡುಗಲ್ಲು ನೋಡಿದಳು. ಮುಂದೆ ನಾನು ಏನೂ ಕೇಳಬೇಕಾಗಲಿಲ್ಲ. ಅವಳ ಕೋಲು ಕೈಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದು ಎಲ್ಲ ಮೆಟ್ಟಿಲನ್ನೂ ಹತ್ತಿಹೋಯಿತು. "ಕೇಳಲ್ಲ ಅಂದಿದ್ದ ಅವನು," ಎಂದಳು, "ಕೇಳಲ್ಲ ಅಂತಾನೇ ಅಂದಿದ್ದ."

ಹೊರಗೆ ಪೈನ್ ಮರದ ಕೆಳಗೆ ಕೂರಿಸಿದೆ. ತಂದಿದ್ದ ಪೀಚ್ ಹಣ್ಣನ್ನು ಕತ್ತರಿಸಿ ಕೊಟ್ಟೆ, ಕೈಯಲ್ಲೇ ಹಿಡಿದು ಕೂತಿದ್ದಳು. ಆಮೇಲೆ ಹೇಳಿದಳು. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ, ಆದರೆ ನಿನಗೆ ಗೊತ್ತಿಲ್ಲದ್ದೂ ಅದರಲ್ಲಿ ಸ್ವಲ್ಪ ಇದೆ. ಮೊದಲು ಅಪ್ಪನೇ ಮೇಲೆ ಹತ್ತಿದ್ದ, ನೀನು ಕೆಳಗೆ ನಡುಗಲ್ಲಿನ ಮೇಲೆ ದ್ರಾಖ್ಮಾ ನಾಣ್ಯ ಬೀಳಿಸಿದ್ದೆ, ಅಲ್ಲವಾ? ಒಂದು ಸಲ, ಎರಡು ಸಲ. ಅಪ್ಪ ಏದುಸಿರು ಬಿಡುತ್ತ ಇಳಿದು ಬಂದು ನಿನ್ನ ಬೆನ್ನು ತಟ್ಟಿದ. "ಪುಸ್ತಕದಲ್ಲಿ ಬರೆದಿದ್ದನ್ನೆಲ್ಲ ನಂಬ್ತೀಯಲ್ಲೋ! ಸೊಳ್ಳೆ ಗುಂಯ್ ಅಂದಷ್ಟೂ ಕೇಳಲಿಲ್ಲ. ಎಲ್ಲ ಪ್ರವಾಸಿಗರಿಗೆ ಹೇಳೋ ಕತೆ" ಎಂದ. ನೀನು ನಗುತ್ತ "ಕತೆಗಲ್ಲಪ್ಪ, ನಿನ್ನ ಕಿವಿಗೆ ರೋಗ" ಎಂದೆಯಂತೆ. ಅವನು ಅದನ್ನೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ನೀನು ಕ್ಯಾಮೆರಾ ತೆಗೆದುಕೊಂಡು ಮೇಲೆ ಹೋದೆ. ಅಪ್ಪ ನಿನ್ನನ್ನೇ ನೋಡುತ್ತಿದ್ದ. ಹಿಂದಿನ ದಿನದ ಊಟದ ಮಾತು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಅರ್ಗೀರಿಸ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಗಿರಣಿಯಲ್ಲಿ ತನ್ನ ಪಕ್ಕ ನಿಂತಿರುತ್ತಿದ್ದ ಎಂದು ಶುರು ಮಾಡಿದ. ನಮ್ಮೂರ ಹೊಲದ ಕಾಲುವೆಯ ನೀರಿಗೆ ಬಿದ್ದು ಹೋದ ಏಳು ವರ್ಷದ ಮಗು ಅವನ ಮನಸ್ಸಿನಲ್ಲಿ ವರ್ಷ ವರ್ಷವೂ ಬೆಳೆಯುತ್ತಲೇ ಇತ್ತು, ಯಾವತ್ತೂ ಎದುರು ಮಾತಾಡದ ಮಗನಾಗಿ. ಅಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡು "ಮೆತ್ತಗೆ ಮಾತಾಡು, ಹುಡುಗ ಕೇಳಿಸ್ಕೊಂಡಾನು" ಎಂದಳು. "ಅವನೆಲ್ಲೋ ಮೋಡದ ಹತ್ರ ಇದಾನೆ, ಏನು ಕೇಳುತ್ತೆ?" ಎಂದ ಅಪ್ಪ. ಕೈ ಎತ್ತಿ ನಿನ್ನ ಕಡೆ ತೋರಿಸಿ ಹೇಳಿದ: "ಮಣ್ಣಿಗೆ ಬುದ್ಧಿ ಇಲ್ಲ ದೆಸ್ಪಿನಾ. ಒಳ್ಳೇದನ್ನ ತಿಂತು. ಇದನ್ನ ನನಗೆ ಬಿಡ್ತು."

ಆಗಲೇ ನೀನು ಗುಂಡಿ ಒತ್ತಿರಬೇಕು.

ಅಮ್ಮ ಇಷ್ಟು ಹೇಳಿ ಹಣ್ಣಿನ ಹೋಳನ್ನು ನನ್ನ ಕೈಗೇ ವಾಪಸು ಕೊಟ್ಟಳು. "ಒಂದು ಮಗು ಹೋದ್ಮೇಲೆ ಹುಟ್ಟಿದೋನು ಅಂತ ನಾನೇ ಅವನಿಗೆ ಸ್ತಮಾತಿ, ನಿಲ್ಲು, ಅಂತ ಹೆಸರಿಟ್ಟೆ. ಸಾವು ನಮ್ಮನೇಲಿ ನಿಲ್ಲಲಿ, ಇವನು ನನ್ನ ಹತ್ರ ನಿಲ್ಲಲಿ ಅಂತ. ಅವರಪ್ಪ ಒಂದೇ ಮಾತಲ್ಲಿ ಹೋಗು ಅಂದ್ಬಿಟ್ಟ. ಅಂದಿದ್ದೂ ಅವನಿಗೆ ಗೊತ್ತಿಲ್ಲ." ಅಷ್ಟು ಹೊತ್ತಿಗೆ ಜೀರುಂಡೆಗಳು ಶುರುವಾದವು. ಅವಳು ಅತ್ತಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ನಾನು ಬೇರೆ ಕಡೆ ನೋಡುತ್ತಿದ್ದೆ.

ವಾಪಸು ಬರುವಾಗ ಕಾರಿನಲ್ಲಿ, ನಿನ್ನ ಮಗ ಹುಟ್ಟಿದಾಗ ನೀನು ಬರೆದ ಕಾಗದ ನನ್ನ ನೆನಪಿಗೆ ಬಂತು. ಮೊದಲ ಗಂಡು ಮಗುವಿಗೆ ಅಜ್ಜನ ಹೆಸರು ಇಡುವುದು ನಮ್ಮಲ್ಲಿ ಹೇಳಬೇಕಾದ್ದೇ ಇಲ್ಲ. ಅಪ್ಪ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಲು ಹೇಳಿ ಬಂದಿದ್ದ, ಇನ್ನೊಬ್ಬ ಅಪೋಸ್ತೊಲಿಸ್ ಹುಟ್ಟಿದ ಎಂದು. ನೀನು ಮಗುವಿಗೆ ಅರ್ಗೀರಿಸ್ ಎಂದು ಹೆಸರಿಟ್ಟಿದ್ದೆ. ಅಣ್ಣನ ಹೆಸರು ಉಳಿಸಿದ ಎಂದು ಅಮ್ಮ ಸಂತೋಷದಿಂದ ಅತ್ತಳು, ಊರೆಲ್ಲ ನಿನ್ನನ್ನು ಹೊಗಳಿತು. ಅಪ್ಪ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಕೋಳಿಗೂಡಿನ ಕಡೆ ಹೋದ. ತುಂಬ ಹೊತ್ತಿನ ಮೇಲೆ ಬಂದು "ಒಳ್ಳೆ ಹೆಸರು" ಎಂದ. ಆ ಹೆಸರಿನಲ್ಲಿ ನೀನು ಅವನಿಗೆ ಏನು ಬರೆದು ಕಳಿಸಿದ್ದೆ ಎಂದು ನನಗೆ ಅರ್ಥವಾದದ್ದು ಥರ್ಮೊಪಿಲೇ ದಾಟುವಾಗ, ಮೊನ್ನೆ. ಅವನಿಗೆ ಅರ್ಥವಾಗಿತ್ತೇ? ನನಗೆ ಗೊತ್ತಿಲ್ಲ, ತಮ್ಮ. ಕೇಳಲು ಅವನಿಲ್ಲ.

ಅಪ್ಪ ಒಳಗೊಳಗೇ ಬೆಂದ, ಪಶ್ಚಾತ್ತಾಪ ಪಟ್ಟ ಎಂದೆಲ್ಲ ಬರೆಯಲು ನನಗೆ ಬರುವುದಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ಅವನು ಕುರ್ಚಿಯನ್ನು ಫೋನಿನ ಪಕ್ಕಕ್ಕೆ ಎಳೆದುಕೊಂಡು ಪತ್ರಿಕೆ ಹಿಡಿದು ಕೂರುತ್ತಿದ್ದ. ಅಮ್ಮ ಫೋನ್ ಇಟ್ಟ ಮೇಲೆ ಪುಟ ತಿರುವುತ್ತ "ನನ್ನನ್ನ ಕೇಳಿದ್ನಾ?" ಎನ್ನುತ್ತಿದ್ದ. ಅಮ್ಮ "ಕೇಳ್ದ" ಎನ್ನುತ್ತಿದ್ದಳು. "ಏನಂದೆ?" "ಗಟ್ಟಿಯಾಗಿದಾನೆ ಅಂದೆ." "ಹೂಂ." ಅಷ್ಟೇ. ಕೊನೆಗೆ ಕಿವಿ ಪೂರ್ತಿ ಹೋದಾಗ ಹುಬ್ಬು ಎತ್ತಿ ಕೇಳುತ್ತಿದ್ದ, ಅಮ್ಮ ತಲೆ ಬಾಗಿಸಿ ಹೌದು ಎನ್ನುತ್ತಿದ್ದಳು. ಆ ಸುಳ್ಳಿಗೆ ದೇವರು ತನ್ನನ್ನು ಹಿಡಿದುಕೊಳ್ಳಲಿ, ಪರವಾಗಿಲ್ಲ ಎನ್ನುತ್ತಾಳೆ.

ಈ ಕಾಗದ ಬರೆಯಲು ಕೂತಾಗ ಅವಳು ಹೇಳಿದ್ದು ಒಂದೇ ಮಾತು: "ಅವರಪ್ಪ ಹಾಗಂದಿದ್ದು ನಿಜ ಅಂತ ಬರಿ. ಕೋಪದಲ್ಲಿ ಅಂದ, ಮನಸ್ಸಲ್ಲಿರಲಿಲ್ಲ ಅಂತೆಲ್ಲ ಬಣ್ಣ ಹಚ್ಚಬೇಡ. ಅವತ್ತು ಮನಸ್ಸಲ್ಲಿತ್ತು. ಸುಳ್ಳು ಹೇಳಿ ಬಿಡಿಸ್ಕೊಂಡ್ರೆ ಮಣ್ಣಿಗೆ ಗೊತ್ತಾಗುತ್ತೆ." ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಎಪಿದಾವ್ರೋಸಿನ ಜೋಡಿಯನ್ನು ಎಲ್ಲಕ್ಕಿಂತ ಕೆಳಗೆ ಕಟ್ಟಿದ್ದೇನೆ. ಬೇಡವೆನಿಸಿದರೆ ಆ ದಾರ ಬಿಚ್ಚಬೇಡ. ಉಳಿದವನ್ನು ಮಕ್ಕಳಿಗೆ ತೋರಿಸು. ತಲೆಯಿಲ್ಲದ ಹುಡುಗ ಯಾರೆಂದು ಅವರು ಕೇಳಿಯೇ ಕೇಳುತ್ತಾರೆ.

ನಿಮ್ಮಲ್ಲಿ ಈಗ ಚಳಿ ಬಿಡುವ ಕಾಲವಂತೆ. ಆದರೂ ಬೆನ್ನಿಗೆ ಉಣ್ಣೆ ಸುತ್ತಿಕೊಳ್ಳದೆ ನೀರಿನ ಮೇಲೆ ಹೋಗಬೇಡ. ದೇವಮಾತೆ ನಿನ್ನ ದೋಣಿಯ ಮುಂದೆ ಇರಲಿ. ಅಮ್ಮ ನಿನ್ನ ಎರಡು ಕಣ್ಣಿಗೂ ಮುತ್ತು ಕೊಟ್ಟಿದ್ದಾಳೆ, ಮಕ್ಕಳ ತಲೆ ಮುಟ್ಟಿದ್ದಾಳೆ.

ನಿನ್ನ ಅಕ್ಕ,
ಎವಾಂಥಿಯಾ

ಸೋಮವಾರ ಬೆಳಿಗ್ಗೆ, ಅವಸರದಲ್ಲಿ: ಅಂಚೆಯವನ ಮೋಟರ್‌ಸೈಕಲ್ ಕಲಿಯೋಪಿ ಅತ್ತೆಯ ಮನೆ ಹತ್ತಿರ ಬಂದಿದೆ, ಅಮ್ಮ ಬಾಗಿಲಲ್ಲಿ ನಿಂತು "ಬರೆದ್ಯಾ, ಅದನ್ನ ಬರೆದ್ಯಾ?" ಎನ್ನುತ್ತಿದ್ದಾಳೆ. ಬರೆದಿಲ್ಲ. ಈಗ ಬರೆಯುತ್ತೇನೆ. ಯಾರೇ ಸತ್ತರೂ, ಗುರುತಿಲ್ಲದವನಾದರೂ, ಹೆಸರೆತ್ತಿದ ಕೂಡಲೇ "ದೇವರು ಅವನನ್ನ ಕ್ಷಮಿಸಲಿ" ಎನ್ನುತ್ತೇವಲ್ಲ, ಆ ಮಾತನ್ನು ನೀನು ಅಪ್ಪನ ಹೆಸರಿನ ಹಿಂದೆ ಈ ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲವಂತೆ. ಅಮ್ಮ ಪ್ರತಿ ಭಾನುವಾರ ಕಾದಿದ್ದಾಳೆ. ಊರಿಗೆ ಬಾ ಎಂದು ಕೇಳುತ್ತಿಲ್ಲ. ಈ ಕಾಗದ ಸೇರಿದ ಮೇಲಿನ ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ನಾವು ಅಪ್ಪನ ಹತ್ತಿರ ಇರುತ್ತೇವೆ. ಅಮ್ಮ ನನ್ನ ಫೋನನ್ನು ಮಣ್ಣಿನ ಮೇಲೆ ಇಡುತ್ತಾಳಂತೆ. ಮನಸ್ಸಿಗೆ ಬಂದರೆ ಹೇಳು. ಬಾರದಿದ್ದರೆ ಸುಮ್ಮನಿರು, ಅದನ್ನೂ ಅವಳು ತಾಳಿಕೊಳ್ಳುತ್ತಾಳೆ. ಜೋರಾಗಿ ಹೇಳಬೇಕಾಗಿಲ್ಲ, ಸ್ತಮಾತಿ. ಮೆತ್ತಗೆ ಹೇಳಿದ ಮಾತು ಎಷ್ಟು ದೂರ ಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.